ತೊಳೆದ ಮನೆ

ಬಡಗಿ ಮೇಸ್ತ್ರಿ ಅಡುಗೆಮನೆಯ ಗೋಡೆಗೆ ಕಿವಿಯೊಡ್ಡಿ ಸುತ್ತಿಗೆಯ ಹಿಡಿಯಿಂದ ಹಲಗೆಯನ್ನು ತಟ್ಟಿದ. ಟಕ್. ಒಂದು ಗೇಣು ಸರಿದು ಮತ್ತೆ ತಟ್ಟಿದ. ಟಕ್. ಗುಬ್ಬಿ ಉಸಿರು ಬಿಗಿಹಿಡಿದು ನಿಂತಿದ್ದಳು. ಎಲ್ಲಾದರೂ ಒಂದು ಕಡೆ ಟೊಳ್ಳು ಸದ್ದು ಬರಲಿ, ಒಳಗೆ ಹುಳ ಗೂಡು ಕಟ್ಟಿರಲಿ, ಮೇಸ್ತ್ರಿ ತಲೆ ಅಲ್ಲಾಡಿಸಲಿ ಅಂತ ಅವಳ ಮನಸ್ಸು ಹಾರೈಸುತ್ತಿತ್ತು. ಹಾಗೆ ಹಾರೈಸುತ್ತಿದ್ದೇನೆ ಅಂತ ಅರಿವಾದದ್ದೇ ಕೆನ್ನೆ ಬಿಸಿಯಾಯಿತು. ಪಕ್ಕದಲ್ಲೇ ಅಕ್ಕ ಟೀ ಲೋಟಗಳ ತಟ್ಟೆ ಹಿಡಿದು, ಮಕ್ಕಳ ಫಲಿತಾಂಶ ಓದುವುದನ್ನು ಕೇಳಲು ಬಂದ ತಾಯಿಯ ಹಾಗೆ ನಿಂತಿದ್ದಳು.

"ಕಬ್ಬಿಣ!" ಅಂದ ಮೇಸ್ತ್ರಿ, ಕಿವಿಯನ್ನು ಗೋಡೆಯಿಂದ ತೆಗೆಯುತ್ತಾ. "ಇಂಥ ಮರ ಈಗ ಎಲ್ಲಿದೆ ಹೇಳಿ. ಈಗ ಬರೋದು ಮರ ಅಲ್ಲ, ಒಣಗಿದ ಸೊಪ್ಪು."

"ಹೇಳಿದ್ನಾ ಇಲ್ವಾ?" ಗುಬ್ಬಿಯ ಗಂಡ ಅಂಗೈ ಉಜ್ಜಿಕೊಂಡ. ಬಸ್ ಡಿಪೋದಲ್ಲಿ ಎಂಜಿನ್ ಬಿಚ್ಚಿ ಜೋಡಿಸುವವನು ಅವನು. ಬಿಚ್ಚಿದ್ದನ್ನೆಲ್ಲ ಮತ್ತೆ ಜೋಡಿಸಬಹುದು ಅನ್ನುವುದೇ ಅವನ ಧರ್ಮ. ಬೆಳಗಿನಿಂದ ಮನೆಯನ್ನು ಹೆಜ್ಜೆಯಲ್ಲಿ ಅಳೆಯುತ್ತಾ ಖುಷಿಗೆ ಎರಡು ಸಲ ಹೊಸ್ತಿಲು ಎಡವಿದ್ದ. "ಬಿಚ್ಚೋದು, ಲಾರಿಗೆ ಹೇರೋದು, ನಮ್ಮ ಸೈಟಲ್ಲಿ ಇಳಿಸಿ ಮತ್ತೆ ಜೋಡಿಸೋದು. ಅಷ್ಟೇ ತಾನೇ ಮೇಸ್ತ್ರಿ?"

"ಎಂಜಿನ್ ಅಲ್ಲ ಸಾರ್, ಮನೆ ಇದು. ಬಿಚ್ಚಿ ರಾಶಿ ಹಾಕಿದ ಮೇಲೆ ಯಾವ ಹಲಗೆ ಯಾವುದರ ಪಕ್ಕ ಇತ್ತು ಅಂತ ಹುಟ್ಟಿಸಿದ ದೇವರಿಗೂ ಗೊತ್ತಾಗಲ್ಲ. ಮೊದಲು ಒಂದೊಂದಕ್ಕೂ ಗುರುತು ಹಾಕ್ಕೋಬೇಕು. ಹಾಕ್ತಾ ಹಾಕ್ತಾ ಪ್ರತಿಯೊಂದನ್ನೂ ನೋಡ್ತೀನಿ. ಭಾನುವಾರ ಎಲ್ಲರೂ ಸೇರಿ, ಕೊನೇ ಮಾತು ಹೇಳ್ತೀನಿ. ಎತ್ಕೊಂಡು ಹೋಗೋ ಮನೆಯೋ, ಸೌದೆಯೋ ಅಂತ."

ಈ ಮಾತಿನ ಹೊತ್ತಿಗೆ ಅಕ್ಕ ಟೀ ತಟ್ಟೆಯನ್ನು ಇಟ್ಟು ಹಿತ್ತಲಿಗೆ ಹೋಗಿದ್ದಳು. ಒಲೆಯ ಹಿಂದಿನ ಗೋಡೆ ಮಸಿ ಹಿಡಿದಿದ್ದನ್ನು ಮೇಸ್ತ್ರಿ ನೋಡಿದ ಅಂತ ಅವಳಿಗೆ ಅನ್ನಿಸಿರಬೇಕು. ಹೋಗುವಾಗ ಅಲ್ಲಿಗೊಂದು ಬಟ್ಟೆ ಇಳಿಬಿಟ್ಟು ಹೋದಳು.

ಅಕ್ಕನ ಮರದ ಮನೆ ನಿಂತಿದ್ದ ಜಾಗ ಬೇರೆಯವರದು. ಗೇಣಿಯ ಅವಧಿ ಮುಗಿದಿತ್ತು. ಜಾಗದವರು ಅಲ್ಲೊಂದು ಗೋದಾಮು ಕಟ್ಟುತ್ತೇವೆ ಅಂದಿದ್ದರು. ಮನೆ ಮಾತ್ರ ಅಕ್ಕ ಭಾವನದು. ತಿಂಗಳ ಕೊನೆಯೊಳಗೆ ಯಾರಾದರೂ ಬಿಚ್ಚಿಕೊಂಡು ಹೋದರೆ ಸರಿ, ಇಲ್ಲವಾದರೆ ಯಂತ್ರ ಬಂದು ಒಂದೇ ಬೆಳಿಗ್ಗೆ ಪುಡಿಗುಟ್ಟಿ ಹೋಗುತ್ತದೆ. ಅಕ್ಕ ಭಾವ ಮೂರನೇ ಮಹಡಿಯ ಫ್ಲಾಟಿಗೆ ಹೊರಟಿದ್ದರು. "ಯಾರೋ ಕಂಡವರಿಗೆ ಯಾಕೆ, ನೀನೇ ತಗೊಳೇ ಗುಬ್ಬಿ," ಅಂದಿದ್ದಳು ಅಕ್ಕ. ಹೇಗೂ ತಂಗಿಯ ಹತ್ತಿರ ಊರಾಚೆ ಒಂದು ಸೈಟಿತ್ತು, ಪಾಯ ತೋಡಿ ಎರಡು ವರ್ಷವಾಗಿ ಅದರಲ್ಲಿ ಹುಲ್ಲು ಬೆಳೆದಿತ್ತು.

ಗುಬ್ಬಿ ಅನ್ನುವುದು ಅಕ್ಕನೇ ಇಟ್ಟ ಅಡ್ಡಹೆಸರು. ಹೆಸರಿಗೆ ಗುಬ್ಬಿ, ಈಗ ತೂಕಕ್ಕೆ ಹಾಕಿದರೆ ಬಾತುಕೋಳಿ ಅಂತ ಗಂಡ ಕುಶಾಲು ಮಾಡುತ್ತಿದ್ದ. ಆದರೆ ಅಕ್ಕನ ಮುಂದೆ ನಿಂತಾಗ ಅವಳು ಈಗಲೂ ಗುಬ್ಬಿಯೇ. ಅಕ್ಕನಿಗೆ ಚಿಕ್ಕದಾದ ಫ್ರಾಕು, ಮುಂದುಗಡೆ ಕಾಗದ ತುರುಕಿದ ಅಕ್ಕನ ಬೂಟು, ಮೊದಲ ಪುಟದಲ್ಲಿ ಅಕ್ಕನ ಹೆಸರು ಹೊಡೆದು ಹಾಕಿದ ಪಾಠದ ಪುಸ್ತಕ, ಅಕ್ಕ ಮಲಗಿ ಗುಂಡಿ ಬಿದ್ದ ಹಾಸಿಗೆ. ಮದುವೆಯಾದ ಮೇಲೂ ನಿಲ್ಲಲಿಲ್ಲ: ಬೀರು, ಹೊಲಿಗೆ ಮಿಷನ್ನು, ಮಗು ತೂಗುವ ತೊಟ್ಟಿಲು. ಕೊಟ್ಟು ಕೊಟ್ಟು ಅಕ್ಕ ದೊಡ್ಡವಳಾದಳು, ತಗೊಂಡು ತಗೊಂಡು ಇವಳು ಚಿಕ್ಕವಳಾಗಿಯೇ ಉಳಿದಳು. ಒಂದು ಮನೆಯಾದರೂ ನನ್ನದೇ ಆಗಲಿ, ಗೋಡೆಯಲ್ಲಿ ಬೇರೆಯವರ ಮೊಳೆ ಹೊಡೆದ ತೂತು ಇಲ್ಲದಿರಲಿ ಅಂತ ಆ ಪಾಯ ತೋಡಿಸಿದ್ದು. ಕೆಲಸದ ಜಾಗದಲ್ಲಿ ಎಲ್ಲರಿಗೂ ಹೇಳಿಯೂ ಆಗಿತ್ತು, ಕಿಟಕಿ ಇಂಥ ಕಡೆ, ಮೆಟ್ಟಿಲು ಇಂಥ ಕಡೆ ಅಂತ.

ಆದರೂ ಅಕ್ಕನಿಗೆ ಬೇಡ ಅನ್ನಲು ಗುಬ್ಬಿಗೆ ಒಂದು ದಿನವೂ ಬಾಯಿ ಬರಲಿಲ್ಲ. ಯಾಕೆ ಅಂತ ಅವಳಿಗೆ ಗೊತ್ತಿತ್ತು. ಅಮ್ಮ ಹಾಸಿಗೆ ಹಿಡಿದ ಕೊನೆಯ ವರ್ಷಗಳನ್ನು ಕಳೆದದ್ದು ಇದೇ ಮನೆಯಲ್ಲಿ. ಎರಡು ಕೋಣೆಯ ಬಾಡಿಗೆ ಮನೆ, ಕೈಕೂಸು, ಪಾಳಿಯ ಕೆಲಸ ಅಂತ ಗುಬ್ಬಿಗೆ ನೆಪಗಳಿದ್ದವು. ಎಲ್ಲವೂ ನಿಜವಾದ ನೆಪಗಳೇ. ಅಕ್ಕ ಒಂದು ಸಲವೂ ಆ ಮಾತು ಎತ್ತಿರಲಿಲ್ಲ. ಎತ್ತಿದ್ದರೆ ಎಷ್ಟೋ ಹಗುರವಾಗುತ್ತಿತ್ತು.

ಮೇಸ್ತ್ರಿ ಹೊರಟಾಗ ಗುಬ್ಬಿ ಹಿಂದೆಯೇ ಗೇಟಿನವರೆಗೆ ಹೋದಳು. ಗಂಡ ಮಹಡಿಯ ಮೇಲಿದ್ದ, ಅವನು ಹಲಗೆ ತುಳಿದು ನೋಡುವ ಸದ್ದು ಕೆಳಗೆ ಕೇಳುತ್ತಿತ್ತು.

"ಮೇಸ್ತ್ರಿ, ಒಂದು ಮಾತು."

"ಹೇಳಿ ಅಮ್ಮಾವ್ರೇ."

"ಹುಳ ಹಿಡಿದಿದೆ ಅಂತ ಹೇಳಿಬಿಡಿ."

ಮೇಸ್ತ್ರಿ ಕಿವಿಯಲ್ಲಿ ಸಿಕ್ಕಿಸಿದ್ದ ಪೆನ್ಸಿಲ್ಲನ್ನು ತೆಗೆದು ಅದರಿಂದಲೇ ಕಿವಿ ಕೆರೆದುಕೊಂಡ. "ನೋಡಿಮ್ಮಾ, ಹುಳ ತಿಂದು ಬೂದಿಯಾಗಿರೋ ಮರಾನ ಚೆನ್ನಾಗಿದೆ ಅಂತ ಈ ಬಾಯಿ ಎಷ್ಟೋ ಸಲ ಹೇಳಿದೆ. ಹೊಟ್ಟೆಪಾಡು. ಆದ್ರೆ ಚೆನ್ನಾಗಿರೋದನ್ನ ಹಾಳು ಅಂತ ಹೇಳಿ ಅಂದವರು ನೀವೇ ಮೊದಲು."

"ನಮ್ಮವರಿಗೆ ನಾನು ಹೇಳಿದ್ರೆ ಕೇಳಲ್ಲ. ನೀವು ಹೇಳಿದ್ರೆ ಕೇಳ್ತಾರೆ."

"ನಿಮ್ಮಕ್ಕನಿಗೆ?"

ಗುಬ್ಬಿ ಗೇಟಿನ ಚಿಲಕವನ್ನು ಹಾಕಿದಳು, ತೆಗೆದಳು. "ಅಕ್ಕನಿಗೂ ಬೇಜಾರಾಗಲ್ಲ. ಮರ ಹಾಳಾಗಿದ್ರೆ ಯಾರ ತಪ್ಪೂ ಅಲ್ಲವಲ್ಲ."

"ಅದು ಸರಿ. ಹುಳದ ಮೇಲೆ ಹಾಕಿದ್ರೆ ಹುಳ ಬಂದು ಜಗಳ ಆಡಲ್ಲ," ಅಂದ ಮೇಸ್ತ್ರಿ. "ನೋಡೋಣ. ಭಾನುವಾರಕ್ಕೆ ಇನ್ನೂ ದಿನ ಇದೆಯಲ್ಲ." ನಕ್ಕೂ ನಗದ ಹಾಗೆ ಸೈಕಲ್ ಹತ್ತಿಹೋದ. ಅವನು ಮೂಲೆ ತಿರುಗುವವರೆಗೂ ಗುಬ್ಬಿ ಮನೆಯ ಕಡೆ ತಿರುಗಲಿಲ್ಲ.

ಗುಬ್ಬಿ ಕೆಲಸಕ್ಕಿದ್ದದ್ದು ದೊಡ್ಡ ಲಾಂಡ್ರಿಯಲ್ಲಿ. ಬಂದ ಬಟ್ಟೆಗಳನ್ನು ಬೆಳಕಿನ ಕೆಳಗೆ ಉದ್ದದ ಮೇಜಿನ ಮೇಲೆ ಹರವಿ ಕಲೆ ಹುಡುಕುವುದು ಅವಳ ಕೆಲಸ. ಸಿಕ್ಕ ಕಲೆಯ ಸುತ್ತ ಸೀಮೆಸುಣ್ಣದಿಂದ ಒಂದು ಸುತ್ತು, ಒಳಗೆ ಒಂದು ಅಂಕಿ. ಎಣ್ಣೆಗೆ ಒಂದು, ಶಾಯಿಗೆ ಎರಡು, ರಕ್ತಕ್ಕೆ ಮೂರು, ಹೀಗೆ. ಏನು ಅಂತ ತಿಳಿಯದಿದ್ದರೆ ಸೊನ್ನೆ. ಒಳಗಿನ ತೊಟ್ಟಿಯವರು ಅಂಕಿ ನೋಡಿ ಮದ್ದು ಹಾಕುತ್ತಾರೆ. ಊರಿನ ಮಾನವೆಲ್ಲ ಆ ಮೇಜಿನ ಮೇಲೆ ಬಂದು ಮಲಗುತ್ತದೆ, ನಾವು ಬಾಯಿ ಬಿಡಬಾರದು ಅಷ್ಟೇ ಅಂತ ಅಲ್ಲಿಯ ಹಳಬರು ಹೇಳುತ್ತಿದ್ದರು. ಗುಬ್ಬಿ ಬಾಯಿ ಬಿಟ್ಟವಳಲ್ಲ. ಆದರೆ ಕಣ್ಣು ಮುಚ್ಚಲು ಬರುತ್ತಿರಲಿಲ್ಲ. ಕಳೆದ ವರ್ಷ ಅಕ್ಕ ಒಂದು ಕೋಟು ಕೊಟ್ಟಿದ್ದಳು. ಅದನ್ನು ಒಗೆಯಲು ಹಾಕುವ ಮೊದಲು, ಅಭ್ಯಾಸಬಲದಿಂದ, ಕಾಲರಿಗೆ ಒಂದು ಸುತ್ತು, ಜೇಬಿಗೊಂದು ಸುತ್ತು ಎಳೆದು ಬಾಗಿಲ ಹಿಂದಿನ ಗೂಟಕ್ಕೆ ನೇತುಹಾಕಿದ್ದಳು. ಅದೇ ಸಂಜೆ ಅಕ್ಕ ಮನೆಗೆ ಬಂದಳು. ಆ ಸುತ್ತುಗಳನ್ನು ಕಂಡು, "ಇದೇನೇ ಇದು?" ಅಂದಳು. ಗುಬ್ಬಿ ಲಾಂಡ್ರಿಯ ಪದ್ಧತಿಯನ್ನು ತಮಾಷೆ ಮಾಡಿ ವಿವರಿಸಿದಳು. ಅಕ್ಕನೂ ನಕ್ಕಳು. ನಗುತ್ತಲೇ ಬೆರಳಿನಿಂದ ಕಾಲರಿನ ಸುತ್ತನ್ನು ಒಂದು ಸಲ ಬಳಸಿ ತಂದಳು. ಆಮೇಲೆ ಬಟ್ಟೆ ಕೊಡುವುದನ್ನು ನಿಲ್ಲಿಸಿಬಿಟ್ಟಳು.

ಆ ವಾರ ಮೇಜಿನ ಆಚೆ ಬದಿಯ ಗೆಳತಿ, "ಏನಮ್ಮಾ, ನಿನ್ನ ಅರಮನೆ ಎಲ್ಲಿಗೆ ಬಂತು?" ಅಂದಾಗ ಗುಬ್ಬಿ ಕೈಯಲ್ಲಿದ್ದ ಮೇಜುಹಾಸಿನ ಕಲೆಯನ್ನೇ ನೋಡುತ್ತಾ, "ನಡೀತಾ ಇದೆ," ಅಂದಳು.

"ನಡೀತಾ ಇದೆ ಅಂತ ಎರಡು ವರ್ಷದಿಂದ ಹೇಳ್ತಾ ಇದ್ದೀಯ. ಮನೇನಾ, ಆಮೆನಾ ಅದು?"

ಸುತ್ತಲಿದ್ದವರು ನಕ್ಕರು. ಮನೆ ನಿಜವಾಗಿಯೂ ನಡೆದು ಬರಲು ಕಾಯುತ್ತಿದೆ, ಅಕ್ಕನ ಮನೆಯಿಂದ ಹೊರಟು ಎಲ್ಲರ ಕಣ್ಣೆದುರಿಗೆ ಲಾರಿ ಹತ್ತಿ ಬರುತ್ತದೆ ಅಂತ ಇವರಿಗೆ ಹೇಳುವುದು ಹೇಗೆ? ಗುಬ್ಬಿ ತಾನೂ ನಕ್ಕಳು.

ಗಂಡ ಮಾತ್ರ ದಿನಾ ಡಿಪೋದಿಂದ ಬರುವಾಗ ಅಲ್ಲಿಗೆ ಹೋಗಿ ಬರುತ್ತಿದ್ದ. "ಗೋಡೆ ತುಂಬಾ ಸೀಮೆಸುಣ್ಣದಲ್ಲಿ ನಂಬರ್ ಹಾಕ್ತಾ ಇದ್ದಾನೆ ಕಣೇ ಮೇಸ್ತ್ರಿ. ಪ್ರತಿ ನಂಬರಿನ ಸುತ್ತ ಒಂದು ಸುತ್ತು. ಒಳ್ಳೇ ನಿಮ್ಮ ಲಾಂಡ್ರಿ ಬಟ್ಟೆ ಥರ ಕಾಣುತ್ತೆ ಮನೆ," ಅಂದ ಒಂದು ಸಂಜೆ. "ಅತ್ತಿಗೆ ಇರ್ಲಿಲ್ಲ. ಈ ವಾರವೆಲ್ಲ ಫ್ಲಾಟಲ್ಲೇ ಇದ್ದು ಪರದೆ ಕಟ್ಟಿಸ್ತಾ ಇದ್ದಾರಂತೆ. ಭಾವ ಒಬ್ಬರೇ ಪೇಪರ್ ಹಿಡ್ಕೊಂಡು ಕೂತಿದ್ರು."

"ನಂಗೆ ದೊಡ್ಡಮ್ಮನ ಮಹಡಿ ರೂಮು," ಅಂದಳು ಮಗಳು, ಬಾಯಲ್ಲಿ ತುತ್ತು ಇಟ್ಟುಕೊಂಡೇ. "ಯಾರೂ ಕೇಳಬಾರದು. ಈಗಲೇ ಹೇಳಿದ್ದೀನಿ."

"ಮೊದಲು ತಿನ್ನು. ಮನೆ ಬರುತ್ತೋ ಇಲ್ವೋ ಗೊತ್ತಿಲ್ಲ."

"ಯಾಕೆ ಬರಲ್ಲ?" ಗಂಡ ತಲೆ ಎತ್ತಿದ. "ನಿಂಗೇನು ಮನಸ್ಸಲ್ಲಿ, ಬಾಯಿ ಬಿಟ್ಟು ಹೇಳು."

"ಏನಿಲ್ಲ."

"ಅಕ್ಕ ಕೊಟ್ಟಿದ್ದು ಅಂತ ತಾನೇ? ಗೋಡೆ ಮೇಲೆ ಹಾಗಂತ ಬರೆದಿರುತ್ತಾ?"

"ಬರೆದಿರಲ್ಲ. ಬರೆಯದೇ ಇದ್ರೂ ನಾನು ದಿನಾ ಓದ್ತೀನಿ."

ಗಂಡ ತಟ್ಟೆಯನ್ನು ಪಕ್ಕಕ್ಕೆ ಸರಿಸಿದ. "ನಾವಾಗಿ ಕಟ್ಟೋ ಹೊತ್ತಿಗೆ ಇವಳೂ ಒಂದು ಮನೆ ಸೇರಿರ್ತಾಳೆ ಗುಬ್ಬಿ. ಆ ಪಾಯದಲ್ಲಿ ಕಪ್ಪೆ ಸಂಸಾರ ಹೂಡಿದೆ, ನೋಡಿದ್ದೀಯಾ?"

ನೋಡಿದ್ದಳು. ಅವನು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಅದಕ್ಕೇ ಅವಳು ಮೇಸ್ತ್ರಿಯನ್ನು ನೆಚ್ಚಿಕೊಂಡಿದ್ದಳು.

ಭಾನುವಾರ ಅಕ್ಕನ ಬೀದಿಗೆ ತಿರುಗುತ್ತಿದ್ದ ಹಾಗೇ ಸೋಪಿನ ವಾಸನೆ ಬಂತು. ಗಂಡ ಮಗಳು ಇಬ್ಬರೂ ಮೇಸ್ತ್ರಿಯ ಜೊತೆ ಗೇಟಿನ ಹತ್ತಿರ ಲಾರಿ ಎಲ್ಲಿ ನಿಲ್ಲಿಸಬೇಕು ಅಂತ ನೋಡುತ್ತಾ ನಿಂತರು. ಗುಬ್ಬಿ ಒಬ್ಬಳೇ ಮೆಟ್ಟಿಲು ಹತ್ತಿದಳು. ಬಾಗಿಲು ತೆರೆದಿತ್ತು. ಒಳಗೆ ಕಾಲಿಟ್ಟವಳಿಗೆ ತಾನು ಬೇರೆ ಯಾರದೋ ಮನೆಗೆ ಬಂದೆ ಅನ್ನಿಸಿತು. ಸಾಮಾನುಗಳನ್ನೆಲ್ಲ ನಡುವಿಗೆ ಎಳೆದು ರಾಶಿ ಹಾಕಿತ್ತು. ಗೋಡೆಗಳು ಒದ್ದೆ. ಮೊದಲಿನ ಬಣ್ಣ ಹೋಗಿ, ಮರದ ಗೆರೆಗಳು ಮುದುಕಿಯ ಅಂಗೈಯ ಹಾಗೆ ಎದ್ದು ಕಾಣುತ್ತಿದ್ದವು. ಮಸಿ ಇಲ್ಲ, ಜಿಡ್ಡಿಲ್ಲ, ಎಲ್ಲೂ ಒಂದು ಗೀಚೂ ಇಲ್ಲ. ಮೂಲೆಯಲ್ಲಿ ಭಾವ ಕಾಲು ಎತ್ತಿ ಕುರ್ಚಿಯ ಮೇಲಿಟ್ಟುಕೊಂಡು ಪೇಪರಿನ ಹಿಂದೆ ಕೂತಿದ್ದರು, ನೆಲ ಇನ್ನೂ ಆರಿರಲಿಲ್ಲ. ಅಕ್ಕ ಬೋರಲು ಹಾಕಿದ ಬಕೆಟಿನ ಮೇಲಿದ್ದಳು. ಮೊಣಕಾಲಿನ ತನಕ ಬಟ್ಟೆ ಒದ್ದೆ. ಯಾವಾಗಲೂ ಬಾಚಿ ಕಟ್ಟಿದ ತಲೆ ಕೆದರಿಹೋಗಿತ್ತು.

"ಏನಕ್ಕ ಇದು?"

"ನೋಡು," ಅಂದಳು ಅಕ್ಕ. ನಗಲು ನೋಡಿದಳು. "ನೀನೇ ನೋಡು. ಒಂದಾದ್ರೂ ಉಳಿದಿದ್ರೆ ಹೇಳು."

"ಏನು ಒಂದು?"

"ಕಲೆ ಕಣೇ. ನೀನು ಜನ ಕಳಿಸಿ ಗುರುತು ಹಾಕಿಸಿದ್ದೆಯಲ್ಲ. ಫ್ಲಾಟಿಂದ ಬಂದು ನೋಡ್ತೀನಿ, ಮನೆ ತುಂಬಾ ಸುಣ್ಣದ ಸುತ್ತು, ಒಳಗೆ ನಂಬರು. ಇವರನ್ನ ಕೇಳಿದ್ರೆ ನಿನ್ನ ತಂಗಿ ಕಡೆಯವರು ಬಂದು ಹಾಕಿ ಹೋದರು ಅಂದ್ರು." ಅಕ್ಕ ಕೈಯನ್ನು ಮಡಿಲಲ್ಲಿ ಬಚ್ಚಿಟ್ಟುಕೊಂಡಳು. "ಮೊದಲು ಸಿಟ್ಟು ಬಂತು. ಸುಳ್ಳು ಯಾಕೆ ಹೇಳಲಿ, ಅತ್ತುಬಿಟ್ಟೆ. ಆಮೇಲೆ ಕೂತು ನೋಡಿದೆ. ಹೌದಲ್ಲ ಅನ್ನಿಸ್ತು. ಎಷ್ಟು ಗಲೀಜು ಮಾಡಿಟ್ಟಿದ್ದೀನಿ. ನಾನು ಯಾವತ್ತೂ ಹಾಗೇ ಕೊಟ್ಟುಬಿಡ್ತಿದ್ದೆ, ಒಂದು ಸಲ ತೊಳೆದು ಕೊಡೋಣ ಅಂತಲೂ ಅನ್ನಿಸ್ಲಿಲ್ಲ. ನೂರರ ಮೇಲೆ ಇತ್ತು ಕಣೇ ನಂಬರು. ಅಷ್ಟು ಬಗೆ ಕಲೆ ನಿಮ್ಮ ಲಾಂಡ್ರಿಯಲ್ಲೂ ಇರಲಿಕ್ಕಿಲ್ಲ."

ಕಾಲ ಕೆಳಗಿನ ನೆಲ ಹಾಗೇ ಇದ್ದು ತಾನೊಬ್ಬಳೇ ಇಳಿದು ಹೋಗುತ್ತಿರುವ ಹಾಗೆ ಗುಬ್ಬಿಗೆ ಅನ್ನಿಸಿತು.

"ಮಹಡಿ ಕೆಳಗಿನ ರೂಮಲ್ಲಿ, ಅಮ್ಮ ತಲೆ ಒರಗಿಸ್ತಿದ್ಲಲ್ಲ ಆ ಜಾಗ," ಅಂದಳು ಅಕ್ಕ, ದನಿ ತಗ್ಗಿಸಿ. "ಎಣ್ಣೆ ಕಲೆ ಅಲ್ಲೊಂದು ಇತ್ತು. ಅದನ್ನ ನಾನೇ ಇಷ್ಟು ವರ್ಷ ಹಾಗೇ ಬಿಟ್ಟಿದ್ದೆ. ಅದಕ್ಕೂ ಸುತ್ತು ಹಾಕಿಸಿದ್ದೆ ನೀನು. ಎಲ್ಲಕ್ಕಿಂತ ಕೊನೆಗೆ ಅಲ್ಲಿಗೆ ಹೋದೆ. ಅದೂ ಹೋಯ್ತು. ಈಗ ಹೇಳು, ಈಗಾದ್ರೂ ತಗೊಳ್ತೀಯಾ?"

ಗುಬ್ಬಿ ಆ ಕೋಣೆಯ ಬಾಗಿಲ ಕಡೆ ನೋಡಿದಳು. ಒಳಗೆ ಹೋಗುವ ಧೈರ್ಯವಾಗಲಿಲ್ಲ. ಅದು ನಂಬರು ಅಕ್ಕ, ಹಲಗೆ ನಂಬರು, ಅನ್ನಲು ಬಾಯಿ ತೆರೆದಳು. ಅದೇ ಹೊತ್ತಿಗೆ ಹಿಂದೆ ಮೆಟ್ಟಿಲ ಮೇಲೆ ಬೂಟುಗಳ ಸದ್ದಾಯಿತು.

"ಅಯ್ಯಯ್ಯೋ!" ಮೇಸ್ತ್ರಿ ಹೊಸ್ತಿಲಲ್ಲೇ ಚೀಲ ಕೆಡವಿದ. "ನನ್ನ ನಂಬರು! ನನ್ನ ನಂಬರೆಲ್ಲಾ ಎಲ್ಲಿ ಹೋಯ್ತು?" ಒಂದು ಗೋಡೆಗೆ ಓಡಿ ಕೈ ಆಡಿಸಿದ, ಇನ್ನೊಂದಕ್ಕೆ ಓಡಿದ. "ಐದು ದಿನ ಸಾರ್! ಕುತ್ತಿಗೆ ಉಳುಕಿಸ್ಕೊಂಡು ಐದು ದಿನ ಹಾಕಿದ್ದೆ! ಒಂದೊಂದು ಹಲಗೆಗೂ! ಯಾವ ಪುಣ್ಯಾತ್ಮ ಒರೆಸಿದ್ದು?"

ಅಕ್ಕ ಬಕೆಟಿನಿಂದ ಎದ್ದಳು. "ಹಲಗೆಗೆ?" ಅಂದಳು, ಯಾರಿಗೂ ಅಲ್ಲ. ಅವಳ ಕಣ್ಣು ಗೋಡೆಯಿಂದ ಗೋಡೆಗೆ, ಮೇಸ್ತ್ರಿಯಿಂದ ಗುಬ್ಬಿಗೆ ಹೋಯಿತು. ಅರ್ಥವಾದದ್ದು ಮುಖದಲ್ಲಿ ಕಾಣಿಸಿತು, ಗಲ್ಲದಿಂದ ಹಣೆಯ ತನಕ. ಅಕ್ಕನ ಮುಖ ಹಾಗೆ ಕೆಂಪಾದದ್ದನ್ನು ಗುಬ್ಬಿ ಹುಟ್ಟಿದಾಗಿನಿಂದ ನೋಡಿರಲಿಲ್ಲ. ಮೇಸ್ತ್ರಿ, ಅವನ ಹಿಂದೆಯೇ ಒಳಗೆ ಬಂದ ತಂಗಿಯ ಗಂಡ, ಮಗಳು, ಎಲ್ಲರೂ ಅವಳನ್ನೇ ನೋಡುತ್ತಿದ್ದರು. ಈಗ ಯಾರಾದರೂ ಒಬ್ಬರು ನಗುತ್ತಾರೆ. ನಕ್ಕರೆ ಅದು ಅಕ್ಕ ಸಾಯುವ ತನಕ ಈ ಕುಟುಂಬದಲ್ಲಿ ಕಥೆಯಾಗುತ್ತದೆ.

"ನಾನೇ ತೊಳಿ ಅಂದಿದ್ದು," ಅಂದಳು ಗುಬ್ಬಿ.

"ಏನಂದೆ?" ಗಂಡ ತಿರುಗಿದ.

"ನಾನೇ ಹೇಳಿದ್ದು ಅಕ್ಕನಿಗೆ. ಗಲೀಜು ಮನೆ ನಾನು ತಗೊಂಡು ಹೋಗಲ್ಲ, ತೊಳೆದು ಕೊಡು ಅಂದೆ. ನಂಬರಿನ ವಿಷಯ ತಲೆಗೇ ಹೋಗಲಿಲ್ಲ."

ಪೇಪರು ಅಲ್ಲಾಡಿತು. ಭಾವ ಅದರ ಮೇಲಿಂದ ಗುಬ್ಬಿಯನ್ನು ಒಂದು ಸಲ ನೋಡಿ, ಕೆಳಗಿನ ಮಡಿಕೆಯನ್ನು ಸರಿಮಾಡಿಕೊಂಡು, ಮತ್ತೆ ಪೇಪರು ಎತ್ತಿದರು.

"ತೊಳೆದು ಕೊಡು ಅಂದ್ಯಾ?" ಗಂಡನ ದನಿ ಏರಲಿಲ್ಲ, ಇಳಿಯಿತು. ಅದು ಇನ್ನೂ ಕೆಟ್ಟದಾಗಿತ್ತು. "ಪುಕ್ಕಟೆ ಮನೆ ಕೊಡೋ ಅಕ್ಕನಿಗೆ? ಈ ವಯಸ್ಸಲ್ಲಿ ಅವರನ್ನ ಮೊಣಕಾಲೂರಿಸಿ ನೆಲ ಉಜ್ಜಿಸಿದ್ಯಾ?"

"ಹ್ಞೂಂ."

"ಅತ್ತಿಗೆ, ನನಗೆ ಗೊತ್ತಿರಲಿಲ್ಲ. ಆಣೆಗೂ ಗೊತ್ತಿರಲಿಲ್ಲ. ಇವಳ ಪರವಾಗಿ ನಾನು ತಪ್ಪಾಯ್ತು ಅಂತೀನಿ." ಅವನು ಕೈ ಜೋಡಿಸುವುದೋ ಬಿಡುವುದೋ ತಿಳಿಯದೆ ಟೋಪಿ ತೆಗೆದು ಹಿಡಿದುಕೊಂಡ.

ಅಕ್ಕ ಏನೋ ಹೇಳಲು ಹೋದಳು. ಗುಬ್ಬಿ ಅವಳನ್ನು ನೋಡಿದಳು. ಅಕ್ಕ ಬಾಯಿ ಮುಚ್ಚಿದಳು.

ಗಂಡನ ಮಾತನ್ನು ಗುಬ್ಬಿ ತಡೆದುಕೊಂಡಳು. ತಡೆಯಲಾಗದ್ದು ಮಗಳ ನೋಟ. ಅವಳು ದೊಡ್ಡಮ್ಮನ ಒದ್ದೆ ಮೊಣಕಾಲನ್ನು ನೋಡಿ, ಅಮ್ಮನನ್ನು ನೋಡಿ, ಎರಡು ಹೆಜ್ಜೆ ದೊಡ್ಡಮ್ಮನ ಕಡೆಗೆ ಸರಿದು ನಿಂತಳು. ಮುಂದೆ ಯಾವತ್ತಾದರೂ ಇವಳಿಗೆ ನಿಜ ಹೇಳಬಹುದಾ? ಹೇಳಿದರೆ ಗೇಟಿನ ಹತ್ತಿರ ಆಡಿದ ಮಾತನ್ನೂ ಹೇಳಬೇಕಾಗುತ್ತದೆ. ಈ ಸುಳ್ಳಿನಲ್ಲಿರುವ ಗುಬ್ಬಿ ನಿಜವಾದ ಗುಬ್ಬಿಗಿಂತ ಬಹಳ ಕೆಟ್ಟವಳೇನಲ್ಲ.

ಮೇಸ್ತ್ರಿ ಚೀಲ ಎತ್ತಿಕೊಂಡ. ಗೊಣಗುತ್ತಾ ಅಡುಗೆಮನೆಯ ಕಡೆ ನಡೆದವನು ಗುಬ್ಬಿಯ ಹತ್ತಿರ ಬಂದಾಗ ನಿಂತು, ಹಲ್ಲಿನ ನಡುವೆ ಕೇಳಿದ: "ಕೊನೇ ಮಾತು ಹೇಳೋ ದಿನ ಇವತ್ತು. ಹುಳ ಅಂತ ಹೇಳ್ಲಾ? ನಂಬರೂ ಇಲ್ಲ, ಒಳ್ಳೇ ಸಮಯ."

ಒಂದು ಮಾತು ಸಾಕಿತ್ತು. ಗಂಡನೂ ಈ ಹೊತ್ತಿಗೆ ಮರು ಮಾತಾಡುತ್ತಿರಲಿಲ್ಲ. ಪಾಯದ ಮೇಲೆ ಯಾವತ್ತೋ ಒಂದು ದಿನ ಗೋಡೆ ಏಳುತ್ತಿತ್ತು, ಯಾರೂ ಮೊಳೆ ಹೊಡೆಯದ ಗೋಡೆ. ಗುಬ್ಬಿ ಅಕ್ಕನ ಕಡೆ ನೋಡಿದಳು. ಅಕ್ಕ ಬೋರಲು ಬಕೆಟನ್ನು ನೆಟ್ಟಗೆ ಮಾಡಿ, ಅದರೊಳಗೆ ಉಜ್ಜುವ ಬ್ರಷ್ಷು, ಬಟ್ಟೆ, ಸವೆದು ಬಿಲ್ಲೆಯಾದ ಸೋಪು ಹಾಕುತ್ತಿದ್ದಳು, ಒಂದೊಂದಾಗಿ, ಸದ್ದಾಗದ ಹಾಗೆ.

"ಬೇಡ ಮೇಸ್ತ್ರಿ. ಇನ್ನೊಂದು ಸಲ ನಂಬರ್ ಹಾಕಿ. ನಾವು ತಗೊಳ್ತೀವಿ."

"ಒದ್ದೆ ಮರದ ಮೇಲೆ ಸುಣ್ಣ ಹಿಡಿಯಲ್ಲ. ಆರಬೇಕು."

"ಆರಲಿ."

"ಅಕ್ಕ ತಂಗಿ ಇಬ್ಬರ ತಲೆಗೂ ಒಂದೇ ಮದ್ದು ಬೇಕು ನೋಡಿ," ಅಂದು ಮೇಸ್ತ್ರಿ ಗಟ್ಟಿ ದನಿಯಲ್ಲಿ ಎಲ್ಲರಿಗೂ ಕೇಳುವ ಹಾಗೆ ಹೇಳಿದ: "ಮರ ಚೆನ್ನಾಗಿದೆ ಸಾರ್. ಪ್ರತಿ ಹಲಗೆನೂ ನೋಡಿದ್ದೀನಿ. ತೊಳೆದ ಮೇಲಂತೂ ಹಸೆಮಣೆಗೆ ಕೂತ ಹುಡುಗಿ ಥರ ಇದೆ."

ಗಂಡಸರು ಹೊರಗೆ ಹೋದ ಮೇಲೆ ಗುಬ್ಬಿ ಅಕ್ಕನ ಹಿಂದೆ ಹಿತ್ತಲಿಗೆ ಹೋದಳು. ಅಕ್ಕ ಬಕೆಟಿನ ಕೊಳೆ ನೀರನ್ನು ಸುರಿದು, ನಲ್ಲಿಯ ಕೆಳಗೆ ಕೈ ಹಿಡಿದಳು. ಬೆರಳ ತುದಿಗಳೆಲ್ಲ ಬಿಳಿಚಿ ಸುಕ್ಕುಗಟ್ಟಿ, ಗೆಣ್ಣುಗಳಲ್ಲಿ ತೊಗಲು ಕಿತ್ತುಹೋಗಿತ್ತು.

"ಯಾಕೇ ಹಾಗೆ ಹೇಳಿದೆ?" ಅಂದಳು ತಿರುಗದೆ.

"ಕೈಗೆ ಏನಾದ್ರೂ ಹಚ್ಚಿದ್ಯಾ?"

"ಕೇಳಿದ್ದಕ್ಕೆ ಹೇಳು."

"ಏನಾದ್ರೂ ಹಚ್ಚಕ್ಕ. ಉರಿಯಲ್ವಾ?"

"ಹಲಗೆ ನಂಬರಂತೆ," ಅಂದಳು ಅಕ್ಕ. ಭುಜ ಅಲ್ಲಾಡಿತು. ನಗುತ್ತಿದ್ದಾಳೆ ಅಂದುಕೊಂಡು ಗುಬ್ಬಿ ತಾನೂ ನಗಲು ಹೊರಟು, ಅಲ್ಲ ಅಂತ ತಿಳಿದು ಸುಮ್ಮನಾದಳು. ನಲ್ಲಿ ನಿಲ್ಲಿಸುವುದನ್ನು ಇಬ್ಬರೂ ಮರೆತರು. ತುಂಬಾ ಹೊತ್ತಿನ ಮೇಲೆ ಅಕ್ಕ, "ಅಮ್ಮನ ಜಾಗ ಒಂದನ್ನ ಬಿಡಬಹುದಿತ್ತು," ಅಂದಳು. ನಾನು ಒಂದು ದಿನವೂ ಆ ಗೋಡೆಯ ಪಕ್ಕ ಕೂರಲಿಲ್ಲ ಅಕ್ಕ ಅಂತ ಹೇಳಲು ಹೊರಟ ಗುಬ್ಬಿ, ಹೇಳದೆ ಕೈ ಚಾಚಿ ನಲ್ಲಿ ನಿಲ್ಲಿಸಿದಳು.

ಮೇಸ್ತ್ರಿ ಎರಡನೇ ಸಲ ನಂಬರ್ ಹಾಕುವಾಗ ಅಕ್ಕ ಜೊತೆಯಲ್ಲೇ ಇದ್ದಳಂತೆ. ಅವನು ಹೇಳಿದ್ದಕ್ಕೆಲ್ಲ ತಲೆಯಾಡಿಸಿ, ಸೀಮೆಸುಣ್ಣ ಮುಗಿದಾಗ ಹೊಸತು ಎತ್ತಿ ಕೊಟ್ಟಳಂತೆ. ಗಂಡ ಬಂದು ಇದನ್ನು ಹೇಳಿದ. ಹೇಳಿದ ಮೇಲೆ ಗುಬ್ಬಿಯ ಮುಖ ನೋಡದೆ ಊಟಕ್ಕೆ ಕೂತ. ಮಗಳು ಮಹಡಿ ರೂಮಿನ ಮಾತು ಎತ್ತಲೇ ಇಲ್ಲ. ಲಾಂಡ್ರಿಯಲ್ಲಿ ಗೆಳತಿ ಅರಮನೆಯನ್ನು ವಿಚಾರಿಸಿದಾಗ ಗುಬ್ಬಿ ತಲೆ ಎತ್ತದೆ, "ನಮ್ಮಕ್ಕನ ಮನೆ. ಬಿಚ್ಚಿಕೊಂಡು ಬರ್ತಾ ಇದ್ದೀವಿ," ಅಂದಳು. ಗೆಳತಿ, "ಓಹ್," ಅಂದಳು, ಮುಂದಿನ ಬಟ್ಟೆ ಹರವಿದಳು.

ಬಿಚ್ಚುವ ದಿನ ಬೆಳಿಗ್ಗೆ ಬೀದಿಯಲ್ಲಿ ಜನ ಸೇರಿದ್ದರು. ಎದುರು ಮನೆಯವರು ಕುರ್ಚಿ ತಂದು ಹಾಕಿಕೊಂಡಿದ್ದರು. ಶಾಲೆಗೆ ಹೊರಟ ಮಕ್ಕಳು ಬೇಲಿ ಹತ್ತಿ ಕೂತಿದ್ದರು. ಮೇಸ್ತ್ರಿಯ ಕಡೆಯವರು ಅಡುಗೆಮನೆಯ ಬೀದಿ ಬದಿಯ ಗೋಡೆಯಿಂದ ಶುರು ಮಾಡಿದರು. ಹಾರೆ ಹಾಕಿ ಮೀಟಿದಾಗ ಹಳೆಯ ಮೊಳೆಗಳು ಕಿರುಗುಟ್ಟಿದವು. ಮೊದಲ ಹಲಗೆ ಸಡಿಲವಾಗಿ, ಇಬ್ಬರು ಅದನ್ನು ತಬ್ಬಿ ಕೆಳಗಿಳಿಸಿದರು.

ಗೋಡೆಯಲ್ಲಿ ಒಂದಾಳಗಲದ ಸಂದಿಯಾಯಿತು. ಅದರೊಳಗಿಂದ ಬೀದಿಗೆ ಅಡುಗೆಮನೆ ಕಾಣಿಸಿತು: ಒಲೆ ಇದ್ದ ಕಟ್ಟೆ, ಪಾತ್ರೆಯಿಲ್ಲದ ಗೂಡು, ಮೂಲೆಯಲ್ಲಿ ಮರೆತು ಉಳಿದ ಒಂದು ಹರಕು ಕೈಬಟ್ಟೆ. ಎದುರು ಮನೆಯವರು ಕುರ್ಚಿಯಲ್ಲೇ ಮುಂದೆ ಬಾಗಿದರು.

ಅಕ್ಕ ಒಳಗಿನಿಂದ ಸರಸರ ಬಂದು ಆ ಸಂದಿಗೆ ಅಡ್ಡ ನಿಂತಳು, ಬೀದಿಗೆ ಬೆನ್ನು ಕೊಟ್ಟು, ಎರಡೂ ಕೈ ಅಗಲಿಸಿ, ಸ್ನಾನದ ಕೋಣೆಯ ಬಾಗಿಲು ತಟ್ಟನೆ ತೆರೆದುಕೊಂಡಾಗ ನಿಲ್ಲುವ ಹಾಗೆ.

"ಅಮ್ಮಾ, ಸರೀಬೇಕು. ಮುಂದಿನದು ತೆಗೀತೀವಿ," ಅಂದ ಮೇಸ್ತ್ರಿ.

ಅಕ್ಕ ಸರಿಯಲಿಲ್ಲ. ಗುಬ್ಬಿ ಲಾರಿಯ ಹತ್ತಿರ ಹಗ್ಗದ ತುದಿ ಹಿಡಿದು ನಿಂತಿದ್ದವಳು ಅದನ್ನು ಮಗಳ ಕೈಗೆ ಕೊಟ್ಟಳು. ಬೇಲಿ ದಾಟಿ, ಮೆಟ್ಟಿಲು ಹತ್ತಿ, ಒಳಗೆ ಹೋಗಿ ಅಕ್ಕನ ಪಕ್ಕದಲ್ಲಿ ಅವಳ ಹಾಗೆಯೇ ಬೀದಿಗೆ ಬೆನ್ನು ಮಾಡಿ ನಿಂತಳು. ಇಬ್ಬರ ಭುಜ ತಾಗಿದವು. ಅಕ್ಕ ತಿರುಗಿ ನೋಡಲಿಲ್ಲ, ಸ್ವಲ್ಪ ಆಚೆಗೆ ಜರುಗಿ ಜಾಗ ಮಾಡಿದಳು.

ಹಿಂದೆ ಎರಡನೇ ಹಲಗೆ ಬಿಟ್ಟುಕೊಂಡಿತು. ಆಮೇಲೆ ಮೂರನೆಯದು. ಬೆಳಕು ಇಬ್ಬರ ಬದಿಯಿಂದಲೂ ಒಳಗೆ ಬಂದು, ತೊಳೆದ ನೆಲದ ಮೇಲೆ ಅವರಿಬ್ಬರ ನೆರಳನ್ನು ನಡುವಿಗೆ ಬಿಟ್ಟು ಅಗಲವಾಗುತ್ತಾ ಹೋಯಿತು.